ಬಹುವಿಧ ಸರಕು ಸಾರಿಗೆ ಮಾರ್ಗಗಳ ಮೌಲ್ಯಮಾಪನ: ಕಾಫಿ ರಫ್ತಿನ ನಿದರ್ಶನ

ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಸಾಗಣೆಯ ಮಾರ್ಗವನ್ನು ಬಾಡಿಗೆಯ ದರದಿಂದಷ್ಟೇ ಅಳೆಯುವುದು ಅಪೂರ್ಣವಾದ ಕ್ರಮ. ಲಾರಿ, ರೈಲು, ಹಡಗುಗಳನ್ನು ಜೋಡಿಸಿದ ಬಹುವಿಧ ಸಾರಿಗೆಯಲ್ಲಿ ಒಂದು ಕೊಂಡಿ ಕಳಚಿದರೂ ಇಡೀ ಸರಪಳಿ ನಿಲ್ಲುತ್ತದೆ.

ಇಟಲಿಗೆ ರಫ್ತಾಗುವ ಕರ್ನಾಟಕದ ಕಾಫಿಯನ್ನು ನಿದರ್ಶನವಾಗಿ ಪರಿಶೀಲಿಸಬಹುದು. ಹಾಸನದ ಸಂಸ್ಕರಣಾ ಕೇಂದ್ರಗಳಿಗೆ ನವಮಂಗಳೂರು ಬಂದರು ಹತ್ತಿರವಾದುದು. ಆದರೆ ನಡುವೆ ಪಶ್ಚಿಮ ಘಟ್ಟವಿದೆ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿಗಳ ನಡುವೆ ಮಣ್ಣು ಕುಸಿದು ರೈಲು ಸಂಚಾರ ಸ್ಥಗಿತಗೊಂಡಿತು. ಶಿರಾಡಿ ಘಟ್ಟದ ಹೆದ್ದಾರಿಗೂ ಭೂಕುಸಿತದಿಂದ ಅಡಚಣೆಯುಂಟಾಯಿತು. ಅದೇ ವರ್ಷ ಕೆಂಪು ಸಮುದ್ರದಲ್ಲಿನ ದಾಳಿಗಳ ಕಾರಣ ಅನೇಕ ಹಡಗುಗಳು ಸೂಯೆಜ್ ಕಾಲುವೆಯನ್ನು ತೊರೆದು, ಆಫ್ರಿಕಾದ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಸಾಗಿದವು. ಯೂರೋಪಿನ ಪ್ರಯಾಣ ಸುಮಾರು 10ರಿಂದ 14 ದಿನ ದೀರ್ಘವಾಯಿತು. ಇಂತಹ ವಿಳಂಬದಿಂದ ರಫ್ತುದಾರನು ಹೂಡಿದ ಬಂಡವಾಳಕ್ಕೆ ಬಡ್ಡಿ ಬೆಳೆಯುತ್ತದೆ. ಕಂಟೇನರಿನೊಳಗಣ ತೇವದಿಂದ ಬೀಜದ ಗುಣ ಕೆಡುವ ಸಂಭವವೂ ಹೆಚ್ಚುತ್ತದೆ.

ಆದುದರಿಂದ ಬಾಡಿಗೆಯೊಂದಿಗೆ ಅವಧಿ, ಬಡ್ಡಿ, ಸರಕಿನ ಹಾನಿ, ಮಾರ್ಗದ ವಿಶ್ವಾಸಾರ್ಹತೆ ಇವೆಲ್ಲವನ್ನೂ ಹಣದ ಲೆಕ್ಕಕ್ಕೆ ತಂದು ಕೂಡಿಸಬೇಕಾಗುತ್ತದೆ. ಹಾಗೆ ಕೂಡಿಸಿದಾಗ ಬೇಸಿಗೆಯಲ್ಲಿ ಮಂಗಳೂರು ಲಾಭದಾಯಕವಾಗಿದ್ದು, ಮಳೆಗಾಲದಲ್ಲಿ ಘಟ್ಟವನ್ನು ತಪ್ಪಿಸುವ ಚೆನ್ನೈನ ದೂರದ ದಾರಿಯೇ ಮಿತವ್ಯಯದ್ದೆನಿಸಬಹುದು. ಅಗ್ಗದ ಮಾರ್ಗವೆಂಬುದು ನಕ್ಷೆಯಲ್ಲಿ ಸ್ಥಿರವಾಗಿರುವುದಿಲ್ಲ. ಅದನ್ನು ಋತುಋತುವಿಗೂ ಹೊಸದಾಗಿ ನಿರ್ಧರಿಸಬೇಕಾಗುತ್ತದೆ.