ಆಟಿಯ ಮಳೆಯಲ್ಲಿ ಮನೆಯೊಳಗಣ ಮಕ್ಕಳು

ಕರಾವಳಿಯ ಮಳೆಯ ವಿಷಯದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನಾವು ಹೊಸದಾಗಿ ಹೇಳತಕ್ಕದ್ದೇನೂ ಇಲ್ಲ. ನೆನೆದ ಲಂಗದ ಅಂಚನ್ನು ಹಿಂಡಿಕೊಳ್ಳುತ್ತಾ, ಗಾಳಿಗೆ ಮಗುಚಿಕೊಂಡ ಕೊಡೆಯನ್ನು ನೆಟ್ಟಗೆ ಮಾಡುತ್ತಾ ಶಾಲೆಯ ಜಗಲಿಯನ್ನು ಹತ್ತಿದವರೇ ಅವರೆಲ್ಲರೂ. ಆದರೆ ಅಂದು ನೆನೆಯುವುದೇ ಸಂತೋಷವೆಂದು ತಿಳಿದಿದ್ದವರು ಈಗ ತಾಯಂದಿರೂ ಅಜ್ಜಿಯರೂ ಆಗಿ, ಎರಡರಿಂದ ಆರು ವರ್ಷದ ಮಕ್ಕಳನ್ನು ನಾಲ್ಕು ಗೋಡೆಗಳ ಒಳಗೆ ಇಟ್ಟುಕೊಂಡು ಹೊತ್ತು ಕಳೆಯುವುದು ಹೇಗೆಂದು ನಮ್ಮನ್ನು ಕೇಳುವುದುಂಟು. ಕಿರಿಯ ತರಗತಿಗಳಲ್ಲಿ ನಾವು ಕಂಡುಕೊಂಡ ಕೆಲವು ಸಂಗತಿಗಳನ್ನು ಅವರಿಗೋಸ್ಕರ ಇಲ್ಲಿ ಬರೆದಿರುವೆವು.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ; ಅದರಲ್ಲಿ ಐದು ಪಾಲಿಗೆ ನಾಲ್ಕು ಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೇ ಸುರಿದುಹೋಗುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಅಂದರೆ ತುಳುವರ ಆಟಿ ತಿಂಗಳಲ್ಲಿ, ಬಟ್ಟೆ ಒಣಗುವುದಿಲ್ಲ, ಉಪ್ಪು ನೀರೊಡೆಯುತ್ತದೆ, ಅಂಗಳಕ್ಕೆ ಪಾಚಿ ಹಿಡಿದು ಹಿರಿಯರೂ ಜಾರಿ ಬೀಳುತ್ತಾರೆ. ಹವಾಮಾನ ಇಲಾಖೆಯವರು ಕೆಂಪು ಎಚ್ಚರಿಕೆ ಕೊಟ್ಟ ದಿನ ಅಂಗನವಾಡಿಗೂ ಶಾಲೆಗೂ ರಜೆ ಬರುತ್ತದೆ. ಮೊದಲನೆಯ ದಿನ ಮಕ್ಕಳಿಗೆ ಅದು ಹಬ್ಬ. ಎರಡನೆಯ ದಿನ ಬೇಸರ. ಮೂರನೆಯ ದಿನ ಅಣ್ಣತಂಗಿಯರ ಕಾದಾಟ. ಇದು ಮಕ್ಕಳ ಹಟಮಾರಿತನವೆಂದು ತಿಳಿದು ಗದರಿಸುವ ತಾಯಂದಿರು ಹಲವರು. ಮಕ್ಕಳಿಗೆ ವಿನೋದವು ಸಾಲದೆಂದು ಹೊಸ ಹೊಸ ಆಟಿಕೆಗಳನ್ನು ಕೊಂಡು ತರುವವರು ಮತ್ತೆ ಕೆಲವರು. ಎರಡೂ ಸರಿಯಾದ ದಾರಿಯಲ್ಲವೆಂದು ನಮ್ಮ ಅಭಿಪ್ರಾಯ. ಚಿಕ್ಕ ಮಗುವಿಗೆ ಮಳೆಯ ದಿನದಲ್ಲಿ ಕೊರತೆಯಾಗುವುದು ವಿನೋದವಲ್ಲ, ಕೈಕಾಲುಗಳಿಗೆ ಕೆಲಸ.

ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಬಹಳ ವರ್ಷಗಳ ಹಿಂದೆ ಇಂಥಾ ಒಂದು ಮಳೆಯ ಮಧ್ಯಾಹ್ನದಲ್ಲಿ ಮೂವತ್ತೆಂಟು ಮಕ್ಕಳು ನಮ್ಮ ವಶದಲ್ಲಿದ್ದರು. ಹೆಂಚಿನ ಮೇಲಣ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದು. ನಾವು ಹಾಡಿದೆವು, ಕುಣಿದೆವು, ಕರಡಿಯಾದೆವು, ಮುದುಕಿಯಾದೆವು. ಮೂರು ಗಂಟೆಯಾಗುವಷ್ಟರಲ್ಲಿ ಗಂಟಲು ಬಿದ್ದುಹೋಯಿತು. ಮಕ್ಕಳಾದರೋ ನೋಡಿ ನೋಡಿ ಬೇಸತ್ತು ಒಬ್ಬರನ್ನೊಬ್ಬರು ನೂಕತೊಡಗಿದ್ದರು. ಆಗ ಒಬ್ಬ ಚಿಕ್ಕ ಹುಡುಗಿಯು ಸೋರುವ ಮೂಲೆಯಲ್ಲಿ ನಾವಿಟ್ಟಿದ್ದ ತಗಡಿನ ಡಬ್ಬದ ಬಳಿಯಲ್ಲಿ ಕುಳಿತು, ಅದರ ಪಕ್ಕದಲ್ಲಿ ತನ್ನ ಊಟದ ಬುತ್ತಿಯ ಮುಚ್ಚಳವನ್ನಿಟ್ಟು, ಎರಡರ ಸದ್ದನ್ನೂ ಹೋಲಿಸಿ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಏಳೆಂಟು ಮಕ್ಕಳು ತಟ್ಟೆ, ಲೋಟ, ತೆಂಗಿನ ಚಿಪ್ಪುಗಳನ್ನು ತಂದು ಸಾಲಾಗಿ ಜೋಡಿಸಿದರು. ನಾವು ಕುರ್ಚಿಯ ಮೇಲೆ ಕುಳಿತು ನೀರು ಕುಡಿದೆವು. ಅಷ್ಟು ಹೊತ್ತು ನಾವು ಮಕ್ಕಳನ್ನು ಬರಿಯ ಪ್ರೇಕ್ಷಕರನ್ನಾಗಿ ಮಾಡಿದ್ದೆವೆಂಬದು ಆಗ ತಿಳಿಯಿತು.

ಮೊದಲನೆಯದಾಗಿ ಮೈಗೆ ಚಲನೆ ಬೇಕು. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನವೊಂದಕ್ಕೆ ಎಲ್ಲಾ ಸೇರಿ ಮೂರು ಗಂಟೆಗಳಿಗೆ ಕಡಿಮೆಯಾಗದಂತೆ ಓಡಾಟವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ೨೦೧೯ ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ಹೇಳಿದ್ದಾರೆ. ಮೊಬೈಲು, ದೂರದರ್ಶನ ಮೊದಲಾದವುಗಳ ಮುಂದೆ ಕುಳ್ಳಿರಿಸುವುದು ಎರಡು ವರ್ಷ ತುಂಬುವ ತನಕ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂಬದೂ ಅದೇ ಸೂಚನೆಯಲ್ಲಿದೆ. ಅಂಗಳವಿರುವ ದಿನ ಮೂರು ಗಂಟೆಯ ಓಡಾಟವು ತಾನಾಗಿಯೇ ಆಗುತ್ತದೆ. ಚಾವಡಿಯೊಳಗೆ ಅದನ್ನು ಒದಗಿಸುವುದು ಹೇಗೆ? ರೋಮಾಪುರದಲ್ಲಿ ೧೯೦೭ ರಲ್ಲಿ ಮಕ್ಕಳ ಮನೆಯನ್ನು ತೆರೆದು, ಮುಂದೆ ೧೯೩೯ ರಲ್ಲಿ ಮದರಾಸಿಗೂ ಬಂದು ನಮ್ಮ ದೇಶದ ಶಿಕ್ಷಕಿಯರಿಗೆ ಪಾಠ ಹೇಳಿದ ಮರಿಯಾ ಮೊಂಟೆಸ್ಸರಿಯವರ ಒಂದು ಅಭ್ಯಾಸವು ಇದಕ್ಕೆ ಬಹಳ ಅನುಕೂಲವಾಗಿದೆ. ನೆಲದ ಮೇಲೆ ಸೀಮೆಸುಣ್ಣದಿಂದ ಕೋಳಿಮೊಟ್ಟೆಯಾಕಾರದ ಒಂದು ದೊಡ್ಡ ಗೆರೆಯನ್ನು ಎಳೆಯುವುದು. ಮಗುವು ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿಯನ್ನು ತಾಗಿಸುತ್ತಾ ಅದರ ಮೇಲೆ ನಡೆಯುವುದು. ಅದು ಸಾಧಿಸಿತೆಂದರೆ ಕೈಯಲ್ಲಿ ತುಂಬಿದ ನೀರಿನ ಲೋಟ. ಅದೂ ಸಾಧಿಸಿತೆಂದರೆ ಸದ್ದಾಗದಂತೆ ಹಿಡಿದುಕೊಂಡ ಗಂಟೆ. ಇದನ್ನು ಓದಿದಾಗ ಇಷ್ಟರಲ್ಲಿ ಮಕ್ಕಳಿಗೆ ಏನು ಸುಖವಿದ್ದೀತೆಂದು ನಾವೂ ಸಂಶಯಪಟ್ಟವರೇ. ಗಂಟೆಯ ನಾಲಗೆ ಅಲುಗದಂತೆ ತುಟಿ ಕಚ್ಚಿ ನಡೆಯುವ ನಾಲ್ಕು ವರ್ಷದ ಪೋಕರಿಯನ್ನು ಒಮ್ಮೆ ಕಂಡ ಮೇಲೆ ಸಂಶಯವು ಉಳಿಯಲಿಲ್ಲ. ಅನಂತರ ಕಪ್ಪೆಯಂತೆ ಕುಪ್ಪಳಿಸುವುದು, ದಿಂಬುಗಳನ್ನು ಕಲ್ಲುಸಂಕವೆಂದು ಭಾವಿಸಿ ದಾಟುವುದು, ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆ ಇವೆಲ್ಲಾ ಇದ್ದೇ ಇವೆ. ಎಲ್ಲರಿಗೂ ತಿಳಿದಿರುವುದರಿಂದ ವಿವರಿಸುವ ಅಗತ್ಯವಿಲ್ಲ. ಬೆಳಿಗ್ಗೆ ಎದ್ದೊಡನೆ ಒಮ್ಮೆ, ಸಾಯಂಕಾಲ ಐದರ ಸುಮಾರಿಗೆ ಒಮ್ಮೆ ಮೈ ಬೆವರುವಷ್ಟು ಆಡಿಸಿದರೆ ನಡುವಣ ಹೊತ್ತು ಶಾಂತವಾಗಿ ಸಾಗುತ್ತದೆ.

ಆ ನಡುವಣ ಹೊತ್ತಿಗೆ ಅಡಿಗೆಮನೆಗಿಂತ ಒಳ್ಳೆಯ ಆಟದ ಸ್ಥಳವನ್ನು ನಾವು ಕಾಣೆವು. ಒಲೆಯ ಹತ್ತಿರವೂ ಕತ್ತಿಯ ಹತ್ತಿರವೂ ಮಗುವಿಗೆ ಎಡೆಯಿಲ್ಲವೆಂಬದನ್ನು ಹೇಳಬೇಕಾಗಿಲ್ಲ. ಬಾಗಿಲ ಬಳಿಯಲ್ಲಿ ಒಂದು ಚಾಪೆ ಹಾಸಿ, ಆಟದ ಸಾಮಾನಿನ ಬದಲಾಗಿ ನಿಜವಾದ ಕೆಲಸವನ್ನೇ ಕೊಡಿರಿ. ಕೆಮ್ಮಣ್ಣಿನಲ್ಲಿ ಹೊರಳಿಸಿ ಮಳೆಗಾಲಕ್ಕೆಂದು ತೆಗೆದಿರಿಸಿದ ಹಲಸಿನ ಬೀಜಗಳನ್ನು ಬಟ್ಟಲ ನೀರಿನಲ್ಲಿ ತೊಳೆಯುವ ಕೆಲಸ ಐದು ವರ್ಷದವರಿಗೆ ತಕ್ಕದ್ದು. ಒಣಗಿದ ಬಿಳಿಯ ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸುವುದರಲ್ಲಿ ಒಂದು ಗಂಟೆ ಹೋದದ್ದೇ ತಿಳಿಯದು. ಪತ್ರೊಡೆಗೆ ತಂದ ಕೆಸುವಿನ ಎಲೆಗಳಲ್ಲಿ ಒಂದನ್ನು ಮಗುವಿನ ಮುಂದೆ ಹರಡಿ, ಅದರ ಮೇಲೆ ನಾಲ್ಕು ಹನಿ ನೀರು ಬಿಡಿರಿ. ಹನಿಗಳು ಪಾದರಸದಂತೆ ಉರುಳುತ್ತವೆ, ಎಲೆ ನೆನೆಯುವುದಿಲ್ಲ. ಯಾಕಂದರೆ ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳೂ ಅವುಗಳ ಮೇಲೆ ಮೇಣದ ಲೇಪವೂ ಇದ್ದು, ನೀರು ಆ ಉಬ್ಬುಗಳ ತುದಿಯನ್ನು ಮಾತ್ರ ಮುಟ್ಟಿ ನಿಲ್ಲುತ್ತದೆ. ಅದೇ ನೀರನ್ನು ಬಾಳೆಯ ಎಲೆಯ ಮೇಲೂ ಹಲಸಿನ ಎಲೆಯ ಮೇಲೂ ಹಾಕಿ ನೋಡಲು ಮಗುವೇ ಎದ್ದು ಹೋಗುವುದು. ಕೆಸುವಿನ ದಂಟು ಮುರಿದು ರಸ ತಾಗಿದರೆ ಕೈ ತುರಿಸುವುದಾದುದರಿಂದ, ದಂಟನ್ನು ಮೊದಲೇ ತೆಗೆದಿರಬೇಕು. ಕೈಯನ್ನು ಬಾಯಿಗೆ ಹಾಕುವ ಪ್ರಾಯದವರಿಗೆ ಈ ಎಲೆಯನ್ನು ಕೊಡಲೇಬಾರದು. ಹೀಗೆ ಮಾಡಿದರೆ ಅಡಿಗೆಯ ಕೆಲಸ ಹಗುರವಾಗುವುದೋ ಎಂದು ಕೇಳಿದರೆ, ಇಲ್ಲ, ಹೆಚ್ಚಾಗುತ್ತದೆ. ಊಟ ಅರ್ಧ ಗಂಟೆ ತಡವಾಗಬಹುದೆಂದು ಮನೆಯ ಗಂಡಸರಿಗೆ ಮುಂಚಿತವಾಗಿ ತಿಳಿಸಿಬಿಡುವುದು ಮೇಲು; ಅವರು ಬಂದು ಬೀಜ ಸುಲಿಯಲು ಕುಳಿತರೆ ಇನ್ನೂ ಮೇಲು.

ಆಟಿಯ ಆಟವೆಂದರೆ ಚೆನ್ನೆಮಣೆಯೇ ಸರಿ. ಘಟ್ಟದ ಮೇಲೆ ಅಳಿಗುಳಿಮಣೆಯೆಂದು ಕರೆಯುವುದೂ ಇದರ ಬಳಗವೇ. ಎರಡು ಸಾಲಿನಲ್ಲಿ ಏಳೇಳರಂತೆ ಹದಿನಾಲ್ಕು ಗುಳಿಗಳು, ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಕಾಯಿಗಳು. ಒಂದು ಗುಳಿಯನ್ನು ಬರಿದು ಮಾಡಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವುದು. ಕೈ ಮುಗಿದಾಗ ಅದರ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಸುವುದು. ಎತ್ತಬೇಕಾದ ಗುಳಿಯೇ ಖಾಲಿಯಾಗಿದ್ದರೆ ಅದರಾಚೆಯದರಲ್ಲಿ ಇದ್ದದ್ದು ಆಡಿದವರ ಪಾಲು. ಆಟದ ಬಗೆಗಳು ಅನೇಕ, ಮೂಲವು ಇಷ್ಟೇ. ನಾಲ್ಕು ವರ್ಷದವರಿಗೆ ಈ ನಿಯಮಗಳನ್ನು ಕಲಿಸಲು ಹೋಗಬಾರದು. ಗುಳಿಗೆ ನಾಲ್ಕರಂತೆ ತುಂಬುವುದೇ ಅವರಿಗೆ ಒಂದು ಆಟ. ಒಂದು ಗುಳಿಯಲ್ಲಿ ಐದು ಬಿದ್ದರೆ ಕೊನೆಯ ಗುಳಿಗೆ ಮೂರೇ ಉಳಿಯುತ್ತದೆ. ತಪ್ಪು ಎಲ್ಲಿಯಾಯಿತೆಂದು ಮಣೆಯೇ ತೋರಿಸಿಕೊಡುವುದರಿಂದ ನಾವು ಬಾಯಿ ತೆರೆಯಬೇಕಾಗಿಲ್ಲ. ಐದಾರು ವರ್ಷಕ್ಕೆ ಹಾಕುವುದನ್ನು ಕಲಿತಾರು. ಯಾವ ಗುಳಿಯನ್ನು ಎತ್ತಿದರೆ ಕೈ ಎಲ್ಲಿ ಮುಗಿಯುತ್ತದೆಂದು ಮುಂದಾಗಿ ಎಣಿಸುವ ಶಕ್ತಿಯು ಅದಕ್ಕಿಂತ ತಡವಾಗಿ, ಒಂದು ದಿನ ಇದ್ದಕ್ಕಿದ್ದಂತೆ ಬರುತ್ತದೆ. ಮಣೆಯಿಲ್ಲದ ಊರುಗಳಲ್ಲಿ ಸೀಮೆಸುಣ್ಣದ ವೃತ್ತಗಳನ್ನು ಎಳೆದರೂ ಸಾಕು. ಮುಂಬಯಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ಇಡ್ಲಿ ತಟ್ಟೆಗಳನ್ನು ಸಾಲಾಗಿಟ್ಟು ಹುಣಿಸೆ ಬೀಜದಿಂದ ಆಡಿಸುತ್ತಾರಂತೆ. ನಮಗೆ ಇದು ಬಹಳ ಮೆಚ್ಚುಗೆಯಾಯಿತು.

ತುಳುನಾಡಿನ ಹಲವು ಮನೆಗಳಲ್ಲಿ ಒಡಹುಟ್ಟಿದವರು ಎದುರುಬದುರಾಗಿ ಕುಳಿತು ಚೆನ್ನೆಯಾಡಬಾರದೆಂಬ ವಾಡಿಕೆಯುಂಟು. ಸಿರಿಯ ಪಾಡ್ದನದಲ್ಲಿ ಅಬ್ಬಗ, ದಾರಗ ಎಂಬ ಅವಳಿ ಸೋದರಿಯರು ಈ ಆಟದಲ್ಲಿಯೇ ಜಗಳಕ್ಕೆ ತೊಡಗಿ, ಒಬ್ಬಳು ಮಣೆಯಿಂದ ಹೊಡೆದದ್ದರಿಂದ ಮತ್ತೊಬ್ಬಳು ಸತ್ತು, ಹೊಡೆದವಳು ಬಾವಿಗೆ ಹಾರಿದಳೆಂದು ಕಥೆಯಿದೆ. ಮೂರನೆಯ ದಿನದ ಮಳೆಯಲ್ಲಿ ಅಕ್ಕತಂಗಿಯರ ನಡುವೆ ಏನಾಗುತ್ತದೆಂಬದನ್ನು ಆ ಕಥೆಯನ್ನು ಹಾಡಿದ ಹೆಂಗಸರು ಚೆನ್ನಾಗಿ ಬಲ್ಲವರಾಗಿದ್ದರೆಂದು ನಾವು ತಿಳಿಯುತ್ತೇವೆ. ವಾಡಿಕೆಯನ್ನು ನಂಬಿದರೂ ಬಿಟ್ಟರೂ, ಒಡಹುಟ್ಟಿದವರಿಬ್ಬರನ್ನು ಎದುರಾಳಿಗಳಾಗಿ ಕೂರಿಸುವ ಬದಲು ಇಬ್ಬರನ್ನೂ ಒಂದು ಕಡೆಗೆ ಮಾಡಿ, ಅಜ್ಜಿಯನ್ನು ಎದುರಿಗೆ ಕೂರಿಸುವುದು ಜಾಣತನ. ಅಜ್ಜಿ ಸೋತಳೆಂದರೆ ಮನೆಯೆಲ್ಲಾ ನಗುವುದು.

ಸ್ವಲ್ಪ ದೊಡ್ಡ ಮಕ್ಕಳಿಗೆ ಮಳೆಯನ್ನು ಅಳೆಯುವುದನ್ನು ಕಲಿಸಿಕೊಡಬಹುದು. ಬುಡದಿಂದ ಬಾಯಿಯ ತನಕ ಒಂದೇ ಅಗಲವಾಗಿರುವ, ತಳ ಸಮವಾದ ಒಂದು ಡಬ್ಬವನ್ನು ಮರದ ಅಥವಾ ಮಾಡಿನ ನೀರು ತೊಟ್ಟಿಕ್ಕದ ಬಯಲಿನಲ್ಲಿ ಇಟ್ಟು, ಮರುದಿನ ಬೆಳಿಗ್ಗೆ ಎಂಟೂವರೆಗೆ ಒಳಗಿನ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ನೋಡಿದರೆ ಅಷ್ಟು ಮಿಲಿಮೀಟರ್ ಮಳೆಯೆಂದು ಅರ್ಥ. ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಅಳೆಯುತ್ತಾರೆ. ದೊಡ್ಡ ಡಬ್ಬ ಇಟ್ಟರೆ ಹೆಚ್ಚು ಮಳೆ ಬೀಳುವುದಿಲ್ಲವೇ ಎಂದು ಮಕ್ಕಳು ತಪ್ಪದೆ ಕೇಳುತ್ತಾರೆ. ಉತ್ತರವನ್ನು ಹೇಳಬೇಡಿರಿ, ಅಗಲವಾದದ್ದೊಂದು, ಕಿರಿದಾದದ್ದೊಂದು ಪಕ್ಕಪಕ್ಕದಲ್ಲಿ ಇಡಲಿ. ಅಗಲವಾದ ಬಾಯಿಗೆ ಹೆಚ್ಚು ನೀರು ಬಿದ್ದರೂ ಅದು ಅಗಲವಾದ ತಳದ ಮೇಲೆ ಹರಡಿಕೊಳ್ಳುವುದರಿಂದ ಎತ್ತರವು ಎರಡರಲ್ಲಿಯೂ ಸರಿಸುಮಾರು ಒಂದೇ ಆಗಿರುವುದನ್ನು ಕಂಡು ಆಶ್ಚರ್ಯಪಡುವರು. ಇಲಾಖೆಯವರ ಲೆಕ್ಕದಲ್ಲಿ ಒಂದು ದಿನಕ್ಕೆ ೨೦೪.೫ ಮಿಲಿಮೀಟರ್ ಅಥವಾ ಅದಕ್ಕೂ ಮಿಕ್ಕಿ ಬಿದ್ದದ್ದು ಅತ್ಯಂತ ಭಾರಿ ಮಳೆ. ಅದು ಹೆಚ್ಚುಕಡಿಮೆ ದೊಡ್ಡವರ ಒಂದು ಗೇಣು. ತನ್ನ ಊರಿನ ಮೇಲೆಲ್ಲಾ ಒಂದು ಗೇಣು ನೀರು ನಿಂತಂತೆ ಎಂದು ಮಗುವಿಗೆ ಕೈಯಿಂದ ತೋರಿಸಬಹುದು. ಡಬ್ಬವನ್ನು ಹೊರಗಿಡುವುದೂ ಒಳತರುವುದೂ ದೊಡ್ಡವರ ಕೆಲಸ. ತುಂಬಿದ ತೋಡು, ಕೆರೆ, ಕಟ್ಟೆಯಿಲ್ಲದ ಬಾವಿ ಇವುಗಳ ಕಡೆಗೆ ಮಳೆಯ ನೆವದಿಂದ ಒಂದು ಹೆಜ್ಜೆಯೂ ಬೇಡ. ಕಾಗದದ ದೋಣಿಯನ್ನು ಬಿಡಲು ಒಳಗಿನ ಬೋಗುಣಿಯೇ ಸಾಕು. ಸೋರುವಲ್ಲಿಟ್ಟ ಬಕೆಟನ್ನು ಸಹ ಆಗಾಗ್ಗೆ ಬರಿದು ಮಾಡುತ್ತಿರಬೇಕು. ನಡೆಯಲು ಕಲಿಯುತ್ತಿರುವ ಕೂಸು ಅದರೊಳಗೆ ತಲೆ ಕೆಳಗಾಗಿ ಬಿದ್ದರೆ ತಾನಾಗಿ ಏಳಲಾರದು. ಕಾಲು ಬಕೆಟ್ ನೀರಿದ್ದರೂ ಪ್ರಾಣಕ್ಕೆ ಅಪಾಯ.

ಸಂಜೆ ಕರೆಂಟು ಹೋಯಿತೆಂದರೆ ಗೊಣಗುವುದು ದೊಡ್ಡವರು ಮಾತ್ರ. ಎತ್ತರದಲ್ಲಿಟ್ಟ ಒಂದು ದೀಪ, ಬಿಳಿಯ ಗೋಡೆ, ಹತ್ತು ಬೆರಳು ಇದ್ದರೆ ಮೊಲವೂ ಜಿಂಕೆಯೂ ಬರುತ್ತವೆ. ಕೈ ದೀಪದ ಹತ್ತಿರಕ್ಕೆ ಹೋದಷ್ಟೂ ನೆರಳು ಬೆಳೆಯುವುದನ್ನು ಮಗುವು ತಾನೇ ಕಂಡುಹಿಡಿಯಲಿ. ಒಗಟು, ಕಥೆಗಳಿಗೂ ಅದೇ ಹೊತ್ತು. ಕೇಳಿದ ಕಥೆಯನ್ನೇ ಮತ್ತೆ ಕೇಳಿದರೆ ಮತ್ತೆ ಹೇಳತಕ್ಕದ್ದು, ಮಾತು ಬದಲಾಗದಂತೆ.

ಕಡೆಯದಾಗಿ, ಚೆನ್ನೆಯ ಕಾಯಿಗಳ ವಿಷಯದಲ್ಲಿ ಒಂದು ಮಾತನ್ನು ಹೇಳಲೇಬೇಕು. ಪೂರ್ತಿ ಕೆಂಪಾಗಿ ಹೊಳೆಯುವ ಮಂಜೊಟ್ಟಿ ಬೇರೆ; ಕೆಂಪಿನ ತುದಿಯಲ್ಲಿ ಕಪ್ಪು ಚುಕ್ಕೆಯಿರುವ ಗುಲಗಂಜಿ ಬೇರೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಈ ಎರಡನೆಯದರ ಒಳಗೆ ಕಠಿಣವಾದ ವಿಷವಿದೆ. ಸಿಪ್ಪೆ ಗಟ್ಟಿಯಾಗಿರುವುದರಿಂದ ಇಡಿಯಾಗಿ ನುಂಗಿದ್ದು ಕೆಲವು ಸಲ ಹಾಗೆಯೇ ಹೊರಬೀಳಬಹುದು. ಆದರೆ ಅಗಿದದ್ದಾಗಲಿ, ಸರಕ್ಕೆಂದು ತೂತು ಕೊರೆದದ್ದಾಗಲಿ ಜೀವಕ್ಕೆ ಎರವಾಗಬಹುದು. ಮಗುವು ಅದನ್ನು ಬಾಯಿಗೆ ಹಾಕಿದ್ದು ತಿಳಿದೊಡನೆ, ಹೇಗಿರುವುದೋ ನೋಡೋಣವೆಂದು ಕಾಯದೆ, ಕಾಯಿಯ ಮಾದರಿಯೊಂದನ್ನು ಹಿಡಿದುಕೊಂಡು ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಗುಲಗಂಜಿಯಿದ್ದರೆ ಇಂದೇ ತೆಗೆದುಹಾಕಿರಿ. ಮಂಜೊಟ್ಟಿಯೂ ತಿನ್ನುವ ವಸ್ತುವಲ್ಲ. ಮೂರು ವರ್ಷದೊಳಗಿನವರ ಕೈಗೆ ಅದೂ ಹುಣಿಸೆ ಬೀಜವೂ ಸಿಕ್ಕಕೂಡದು. ನಮ್ಮ ಬಂಧುಗಳ ಮನೆಯಲ್ಲಿ ಒಂದು ಕೂಸು ಅಂಥಾ ಕಾಯಿಯನ್ನು ಮೂಗಿಗೆ ಏರಿಸಿಕೊಂಡು, ಸುರಿಯುವ ಮಳೆಯಲ್ಲಿ, ರಸ್ತೆಗೆ ಮರ ಬಿದ್ದ ರಾತ್ರಿಯಲ್ಲಿ, ಅದರ ತಾಯಿಯೂ ನಾವೂ ಪಟ್ಟ ಪಾಡನ್ನು ಇಂದಿಗೂ ಮರೆತಿಲ್ಲ. ಅಂದಿನಿಂದ ಮಣೆಯನ್ನು ಮಡಚುವ ಮೊದಲು ಕಾಯಿಗಳನ್ನು ಎಣಿಸುವ ಕೆಲಸವನ್ನು ಆಟದಲ್ಲಿಯೇ ಸೇರಿಸಿದ್ದೇವೆ. ಗೆದ್ದ ಮಗುವು ಎಣಿಸುತ್ತದೆ, ಸೋತದ್ದು ಡಬ್ಬಕ್ಕೆ ತುಂಬುತ್ತದೆ. ಐವತ್ತಾರು ಸರಿಯಾಯಿತೋ, ಡಬ್ಬವು ಮೇಲಣ ಅಟ್ಟಳಿಗೆಗೆ. ಐವತ್ತೈದೇ ಬಂತೋ, ಚಾಪೆ ಕೊಡವಿ, ಮೂಲೆ ಗುಡಿಸಿ, ಆ ಒಂದು ಸಿಕ್ಕುವ ತನಕ ಕೂಸನ್ನು ನೆಲಕ್ಕೆ ಇಳಿಸುವುದಿಲ್ಲ.