ಹಳ್ಳಿಕಾರ್ ಹೋರಿಗೆ ಬಿಳಿ ಬಣ್ಣ ಬೇಕಿಲ್ಲ

ಜಲವರ್ಣದಲ್ಲಿ ಪ್ರಾಣಿ ಬರೆಯುವುದನ್ನು ಕಲಿಯಬೇಕೆನ್ನುವವರಿಗೆ ನಾನು ಹಳ್ಳಿಕಾರ್ ಹೋರಿಯನ್ನೇ ತೋರಿಸುತ್ತೇನೆ. ಅದರ ಬೆನ್ನು ಬಿಳಿ, ಹೆಗಲು ಮತ್ತು ತೊಡೆ ಗಾಢ ಬೂದು. ಈ ಎರಡರ ನಡುವೆ ಗೆರೆಯೇ ಇಲ್ಲ.

ಎಣ್ಣೆಬಣ್ಣದಲ್ಲಾದರೆ ಕಪ್ಪಿನ ಮೇಲೂ ಬಿಳಿ ಹಚ್ಚಬಹುದು. ಜಲವರ್ಣ ಪಾರದರ್ಶಕ. ಬೆಳಕು ಬಣ್ಣವನ್ನು ಹಾದು, ಕಾಗದಕ್ಕೆ ತಾಗಿ ನಮ್ಮ ಕಣ್ಣಿಗೆ ಮರಳುತ್ತದೆ. ಹಾಗಾಗಿ ಹೋರಿಯ ಬಿಸಿಲು ಬಿದ್ದ ಬೆನ್ನು ಎಂದರೆ ಬಣ್ಣ ಮುಟ್ಟಿಸದ ಬರೀ ಕಾಗದ. ಎಲ್ಲಿ ಬಣ್ಣ ಹಚ್ಚಬಾರದು ಎಂಬುದು ಬ್ರಷ್ ಅದ್ದುವ ಮೊದಲೇ ತೀರ್ಮಾನವಾಗಬೇಕು.

ಮೊದಲು ಪೆನ್ಸಿಲ್, ತೆಳುವಾಗಿ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ರೈತರೊಬ್ಬರು ನನ್ನ ಗೆರೆ ನೋಡಿ, "ಕೊಂಬು ಬುಡದಲ್ಲಿ ಒಂದಕ್ಕೊಂದು ಒತ್ಕೊಂಡಂಗಿರ್ಬೇಕು ಮೇಷ್ಟ್ರೇ, ಆಗ್ಲೇ ಅದು ಹಳ್ಳಿಕಾರು" ಎಂದರು. ಅಂಗರಚನೆಯ ಯಾವ ಪುಸ್ತಕವೂ ಇಷ್ಟು ಚೊಕ್ಕವಾಗಿ ಹೇಳಲಾರದು. ಬುಡದಲ್ಲಿ ಕೂಡಿದ ಕೊಂಬುಗಳು ಹಿಂದಕ್ಕೆ ಸಾಗಿ, ತುದಿಯಲ್ಲಿ ಮುಂದಕ್ಕೆ ಬಾಗುತ್ತವೆ.

ಬೂದು ಬಣ್ಣಕ್ಕೆ ಕಪ್ಪು ಟ್ಯೂಬು ಬೇಡ. ಅದು ಮೈಯನ್ನು ಮಸಿಯಾಗಿಸುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಕಂದು ಬೆರೆಸಿ. ಎರಡೂ ಒಂದನ್ನೊಂದು ತಗ್ಗಿಸಿ ಬೂದಾಗುತ್ತವೆ. ನೀಲಿ ಹೆಚ್ಚಿದರೆ ತಣ್ಣನೆಯ ನೆರಳು, ಕಂದು ಹೆಚ್ಚಿದರೆ ಬೆಚ್ಚಗಿನ ಮೈ. ಅಲ್ಟ್ರಾಮರೀನಿನ ಕಣಗಳು ಒರಟು ಕಾಗದದ ಗುಳಿಗಳಲ್ಲಿ ಇಳಿದು ಕೂರುತ್ತವೆ. ಒಣಗಿದ ಮೇಲೆ ಅಲ್ಲಿ ಕಾಣುವ ಸಣ್ಣ ತರಿಯೇ ಹೋರಿಯ ಗಿಡ್ಡ ಕೂದಲು! ಒಂದೊಂದು ಕೂದಲನ್ನೂ ಎಳೆಯುತ್ತ ಕೂರಬೇಕಿಲ್ಲ.

ಹೆಗಲಿನ ಭಾಗವನ್ನು ಶುದ್ಧ ನೀರಿನಿಂದ ಒದ್ದೆ ಮಾಡಿ ಕಾಯಬೇಕು. ನೀರಿನ ಹೊಳಪು ಮಾಸತೊಡಗಿದಾಗ ಗಟ್ಟಿ ಬೂದನ್ನು ಮುಟ್ಟಿಸಿದರೆ ಅದು ತಾನೇ ಹರಡಿ ಬಿಳಿಯೊಳಗೆ ಕರಗುತ್ತದೆ. ಅರೆ ಒಣಗಿದಾಗ ಮತ್ತೆ ನೀರು ಸೋಕಿದರೆ ಹೂಕೋಸಿನಂಥ ಕಲೆ ಏಳುತ್ತದೆ. ಅದಕ್ಕೇ 300 ಜಿಎಸ್‌ಎಂ ತೂಕದ ಹತ್ತಿಯ ಕಾಗದ ಬೇಕು. ತೆಳು ಕಾಗದ ಇಷ್ಟು ನೀರಿಗೆ ಸುಕ್ಕಾಗುತ್ತದೆ.

ಹೊಟ್ಟೆಯ ಕೆಳಗಿನ ನೆರಳನ್ನು ಗಮನಿಸಿ. ಕೆಮ್ಮಣ್ಣಿನ ನೆಲದಲ್ಲಿ ಬಿಸಿಲು ಪುಟಿದು ಅಲ್ಲಿ ನಸುಗೆಂಪು ಮೂಡಿರುತ್ತದೆ. ಗಂಗೆದೊಗಲಿನ ಮಡಿಕೆಗಳಲ್ಲೂ ಅಷ್ಟೇ.

ಕಣ್ಣಿಗೆ ಕಡುಗಂದು, ಅದರೊಳಗೆ ಉಳಿಸಿದ ಒಂದು ಬಿಳಿ ಚುಕ್ಕೆ. ಆಲ್ಬ್ರೆಕ್ಟ್ ಡ್ಯೂರರ್ 1502ರಲ್ಲಿ ಬರೆದ ಮೊಲ ವಿಯೆನ್ನಾದ ಆಲ್ಬರ್ಟೀನಾದಲ್ಲಿದೆ. ಅದರ ಕಣ್ಣಲ್ಲಿ ಕಿಟಕಿಯ ಪ್ರತಿಬಿಂಬವೇ ಕಾಣುತ್ತದೆ. ಆತ ಅಪಾರದರ್ಶಕ ಬಣ್ಣವನ್ನೂ ಬಳಸಿದ್ದ. ಜಹಾಂಗೀರನ ಆಸ್ಥಾನದ ಮನ್ಸೂರ್‌ನ ಪ್ರಾಣಿ ಚಿತ್ರಗಳಲ್ಲೂ ಅಂಥದೇ ಬಣ್ಣ. ಅದು ಬೇರೆಯದೇ ದೊಡ್ಡ ದಾರಿ. ಬಿಸಿಲಲ್ಲಿ ನಿಂತ ಹಳ್ಳಿಕಾರಿಗೆ ಮಾತ್ರ ಕಾಗದದ ಬಿಳಿಗೆ ಸಮನಾದದ್ದಿಲ್ಲ.

ಈ ಚಳಿಗಾಲ ದನಗಳ ಜಾತ್ರೆಗೆ ಹೊತ್ತೇರುವ ಮೊದಲೇ ಹೋಗಿ. ಓರೆ ಬಿಸಿಲಲ್ಲಿ ಮೈಯ ಏರಿಳಿತ ಚೆನ್ನಾಗಿ ಕಾಣುತ್ತದೆ. ಯಜಮಾನರನ್ನು ಕೇಳಿ, ಹೋರಿಯ ಹಿಂದೆ ಕೂರದೆ ಅದಕ್ಕೆ ಕಾಣುವಂತೆ ಪಕ್ಕದಲ್ಲಿ ದೂರ ಕುಳಿತು ಬರೆಯಿರಿ.