ಎರಡು ಕಾಲಿನ ಗೋಲುಗಾರ ಡೇವಿಡ್ ವಿಲ್ಲಾ

ಸ್ಪೇನ್ ಫುಟ್‌ಬಾಲ್ ತಂಡಕ್ಕೆ ಅತಿ ಹೆಚ್ಚು ಗೋಲು ತಂದುಕೊಟ್ಟವರು ಡೇವಿಡ್ ವಿಲ್ಲಾ. ಆಡಿದ್ದು 98 ಪಂದ್ಯ, ಹೊಡೆದದ್ದು 59 ಗೋಲು. ಎರಡನೆಯ ಸ್ಥಾನದಲ್ಲಿರುವ ರೌಲ್ 102 ಪಂದ್ಯ ಆಡಿ 44ಕ್ಕೆ ನಿಂತರು. ಹಾಗಿದ್ದೂ ವಿಲ್ಲಾ ಆಡಿದ ಕಾಲದ ಸ್ಪೇನ್ ಎಂದೊಡನೆ ಮೊದಲು ನೆನಪಾಗುವುದು ಶಾವಿ, ಇನಿಯೆಸ್ಟಾ, ಕಸಿಯಾಸ್ ಹೆಸರುಗಳು. ಚೆಂಡನ್ನು ಕಾಲಿಂದ ಕಾಲಿಗೆ ದಾಟಿಸುತ್ತ ಎದುರಾಳಿಯನ್ನು ದಣಿಸುವ ಆ ತಂಡದ ಆಟ ಜಗತ್ತನ್ನೇ ಮರುಳು ಮಾಡಿತ್ತು. ಎಷ್ಟೇ ಸೊಗಸಾಗಿ ದಾಟಿಸಿದರೂ ಕೊನೆಗೆ ಯಾರಾದರೊಬ್ಬರು ಅದನ್ನು ಬಲೆಗೆ ಸೇರಿಸಲೇಬೇಕು. ಸ್ಪೇನ್ ಜಗತ್ತನ್ನು ಗೆದ್ದ ವರ್ಷಗಳಲ್ಲಿ ಆ ಹೊಣೆ ಹೊತ್ತವರು ವಿಲ್ಲಾ.

ಅವರು ಹುಟ್ಟಿದ್ದು 1981ರ ಡಿಸೆಂಬರ್ 3ರಂದು, ಉತ್ತರ ಸ್ಪೇನಿನ ಅಸ್ತೂರಿಯಾಸ್ ಪ್ರಾಂತ್ಯದಲ್ಲಿ. ಲಾಂಗ್ರೆಯೊ ಪಟ್ಟಣಕ್ಕೆ ಸೇರಿದ ತುಯ್ಯಾ ಎಂಬ ಹಳ್ಳಿ ಅವರದು. ಕಲ್ಲಿದ್ದಲು ಗಣಿಗಳನ್ನೇ ನಂಬಿ ಬದುಕಿದ ಸೀಮೆ ಅದು. ತಂದೆಯೂ ಗಣಿ ಕಾರ್ಮಿಕರು. ನಾಲ್ಕನೇ ವಯಸ್ಸಿನಲ್ಲಿ ಹುಡುಗನ ಬಲಗಾಲಿನ ತೊಡೆಮೂಳೆ ಮುರಿಯಿತು. ಪ್ಲಾಸ್ಟರ್ ಹಾಕಿದ ಕಾಲನ್ನು ಅಲುಗಿಸುವಂತಿರಲಿಲ್ಲ. ಮಗ ಸುಮ್ಮನೆ ಕೂರದಿರಲೆಂದು ತಂದೆ ಮತ್ತೆ ಮತ್ತೆ ಚೆಂಡು ಎಸೆದು ಎಡಗಾಲಲ್ಲೇ ಒದೆಯಿಸಿದರು. ಮೂಳೆ ಕೂಡಿದ ಮೇಲೂ ಎಡಗಾಲಿನ ಅಭ್ಯಾಸ ಬಿಡಲಿಲ್ಲ. ಬಲಗಾಲಿನ ಆಟಗಾರನಾಗಿದ್ದರೂ ಮುಂದೆ ವಿಲ್ಲಾ ಎರಡು ಕಾಲಿನಿಂದಲೂ ಹೆಚ್ಚುಕಡಿಮೆ ಒಂದೇ ಸಲೀಸಿನಲ್ಲಿ ಗೋಲು ಹೊಡೆದರು. ಯಾವ ಕಾಲಿನಿಂದ ಒದೆತ ಬರುತ್ತದೆಂದು ರಕ್ಷಣಾ ಆಟಗಾರನಿಗೆ ತಿಳಿಯದಿದ್ದರೆ ಆತ ಅರೆಕ್ಷಣ ತಡವರಿಸುತ್ತಾನೆ. ಐದು ಅಡಿ ಒಂಬತ್ತು ಅಂಗುಲದ ವಿಲ್ಲಾಗೆ ಆ ಅರೆಕ್ಷಣವೇ ದೊಡ್ಡ ಬಂಡವಾಳವಾಯಿತು.

ಊರಿನ ಲಾಂಗ್ರೆಯೊ ಕ್ಲಬ್‌ನಲ್ಲಿ ಬೆಳೆದ ಹುಡುಗ ಹದಿಹರೆಯದಲ್ಲಿ ಅದೇ ಪ್ರಾಂತ್ಯದ ಸ್ಪೋರ್ಟಿಂಗ್ ಹಿಹೋನ್ ಕ್ಲಬ್ಬಿನ ತರಬೇತಿ ಶಾಲೆ ಸೇರಿದ. ಸ್ಪೋರ್ಟಿಂಗ್ ಆಗ ಎರಡನೇ ದರ್ಜೆಯ ಲೀಗ್‌ನಲ್ಲಿತ್ತು. ಮೊದಲ ತಂಡದ ಕಾಯಂ ಆಟಗಾರರಾದ ಎರಡು ಋತುಗಳಲ್ಲಿ ವಿಲ್ಲಾ 18 ಮತ್ತು 20 ಲೀಗ್ ಗೋಲು ಹೊಡೆದರು. 2003ರಲ್ಲಿ, ಹಣದ ಮುಗ್ಗಟ್ಟಿನಲ್ಲಿದ್ದ ಕ್ಲಬ್ ಅವರನ್ನು ಸುಮಾರು 30 ಲಕ್ಷ ಯೂರೊಗೆ ರಿಯಲ್ ಸರಗೋಸಾಗೆ ಬಿಟ್ಟುಕೊಟ್ಟಿತು.

ಸರಗೋಸಾ ಆಗಷ್ಟೇ ಮೊದಲ ದರ್ಜೆಗೆ ಮರಳಿದ ತಂಡ. ಅಲ್ಲಿ ಮೊದಲ ಋತುವಿನಲ್ಲೇ ವಿಲ್ಲಾ 17 ಲೀಗ್ ಗೋಲು ಗಳಿಸಿದರು. 2004ರ ಮಾರ್ಚ್‌ನಲ್ಲಿ ಸ್ಪೇನಿನ ಕಪ್ ಟೂರ್ನಿಯಾದ ಕೋಪಾ ಡೆಲ್ ರೇ ಫೈನಲ್‌ನಲ್ಲಿ ಎದುರಾದದ್ದು ಜಿಡಾನ್, ಬೆಕಮ್, ರೌಲ್ ಇದ್ದ ರಿಯಲ್ ಮ್ಯಾಡ್ರಿಡ್. ಹೆಚ್ಚುವರಿ ಸಮಯಕ್ಕೆ ಹೋದ ಆ ಪಂದ್ಯವನ್ನು ಸರಗೋಸಾ 3–2ರಿಂದ ಗೆದ್ದಿತು. ಅದರಲ್ಲಿ ಒಂದು ಗೋಲು ವಿಲ್ಲಾ ಅವರ ಪೆನಾಲ್ಟಿ. 2005ರ ಫೆಬ್ರವರಿಯಲ್ಲಿ ಸ್ಯಾನ್ ಮರಿನೊ ವಿರುದ್ಧ ರಾಷ್ಟ್ರೀಯ ತಂಡದ ಅಂಗಿ ತೊಟ್ಟರು.

ಅದೇ ವರ್ಷ 1.2 ಕೋಟಿ ಯೂರೊ ಕೊಟ್ಟು ವೆಲೆನ್ಸಿಯಾ ಕ್ಲಬ್ ಅವರನ್ನು ಕರೆಸಿಕೊಂಡಿತು. ಅಲ್ಲಿ ಕಳೆದ ಐದು ವರ್ಷಗಳೇ ವಿಲ್ಲಾ ಅವರ ಆಟದ ತುಂಬು ಹರೆಯ. ಮೊದಲ ಋತುವಿನಲ್ಲಿ 25 ಲೀಗ್ ಗೋಲು. ಆ ವರ್ಷ ಪಟ್ಟಿಯ ಮೇಲ್ತುದಿಯಲ್ಲಿದ್ದ ಬಾರ್ಸಿಲೋನಾದ ಸ್ಯಾಮ್ಯುಯೆಲ್ ಎಟೊ ಅವರಿಗಿಂತ ಒಂದೇ ಒಂದು ಕಡಿಮೆ. ಡಿಪೋರ್ಟಿವೊ ವಿರುದ್ಧ, ಗೋಲ್‌ಕೀಪರ್ ಮುಂದೆ ಬಂದದ್ದನ್ನು ಕಂಡು ಮೈದಾನದ ನಡುಗೆರೆಯ ಬಳಿಯಿಂದಲೇ ಹೊಡೆದ ಗೋಲು ಆ ಋತುವಿನದು. 2008–09ರಲ್ಲಿ ಅವರ ಲೀಗ್ ಗೋಲುಗಳು 28ಕ್ಕೆ ಏರಿದವು. ಐದು ವರ್ಷದ ಒಟ್ಟು ಲೀಗ್ ಗೋಲು ನೂರನ್ನು ದಾಟಿತು.

ಈ ಗೋಲುಗಳು ಬಂದ ಸನ್ನಿವೇಶವನ್ನೂ ನೋಡಬೇಕು. 2007–08ರಲ್ಲಿ ವೆಲೆನ್ಸಿಯಾ ಕೋಪಾ ಡೆಲ್ ರೇ ಗೆದ್ದರೂ ಲೀಗ್‌ನಲ್ಲಿ ಹತ್ತನೇ ಸ್ಥಾನಕ್ಕೆ ಕುಸಿದಿತ್ತು. ಬಳಿಕ ಸಾಲ ವಿಪರೀತವಾಗಿ ಹೊಸ ಕ್ರೀಡಾಂಗಣದ ಕಾಮಗಾರಿ ಅರ್ಧಕ್ಕೆ ನಿಂತಿತು. ಅಂಥ ಕ್ಲಬ್ಬಿನಲ್ಲಿದ್ದುಕೊಂಡು ವರ್ಷದಿಂದ ವರ್ಷಕ್ಕೆ ಗೋಲುಗಳ ಲೆಕ್ಕ ಕೆಡದಂತೆ ನೋಡಿಕೊಂಡದ್ದು, ಶ್ರೀಮಂತ ಕ್ಲಬ್‌ಗಳಲ್ಲಿ ಗಳಿಸಿದ ಎಷ್ಟೋ ಪದಕಗಳಿಗಿಂತ ದೊಡ್ಡ ಸಾಧನೆ.

2008ರ ಯುರೋ ಕಪ್‌ನಲ್ಲಿ ಲೂಯಿಸ್ ಅರಗೊನೆಸ್ ತರಬೇತಿಯ ಸ್ಪೇನ್ ತಂಡದ ಮುಂಚೂಣಿಯಲ್ಲಿ ಫರ್ನಾಂಡೊ ಟೊರೆಸ್ ಜೊತೆ ವಿಲ್ಲಾ ಇದ್ದರು. ರಷ್ಯಾ ವಿರುದ್ಧದ ಮೊದಲ ಪಂದ್ಯದಲ್ಲೇ ಹ್ಯಾಟ್ರಿಕ್. ಸ್ವೀಡನ್ ಎದುರು ಪಂದ್ಯ 1–1ರಲ್ಲಿ ಮುಗಿಯಿತೆನ್ನುವಾಗ 92ನೇ ನಿಮಿಷದಲ್ಲಿ ಗೆಲುವಿನ ಗೋಲು. ಇಟಲಿ ವಿರುದ್ಧದ ಪೆನಾಲ್ಟಿ ಶೂಟೌಟ್‌ನಲ್ಲಿ ಮೊದಲು ಒದ್ದು ಗೋಲು ಮಾಡಿದವರೂ ಅವರೇ. ಆದರೆ ಸೆಮಿಫೈನಲ್‌ನಲ್ಲಿ ಫ್ರೀಕಿಕ್ ಒದೆಯುವಾಗ ತೊಡೆಯ ಸ್ನಾಯು ಸೆಳೆದು ಹೊರನಡೆಯಬೇಕಾಯಿತು. ಜರ್ಮನಿ ವಿರುದ್ಧ ಸ್ಪೇನ್ ಗೆದ್ದ ಫೈನಲ್ ಅವರಿಗೆ ತಪ್ಪಿತು. ನಾಲ್ಕು ಗೋಲುಗಳೊಂದಿಗೆ ಟೂರ್ನಿಯ ಅಗ್ರ ಗೋಲುಗಾರರಾದರು.

2010ರ ದಕ್ಷಿಣ ಆಫ್ರಿಕಾ ವಿಶ್ವಕಪ್‌ನಲ್ಲಿ ಅವರು ಮಾಡಿದ ಕೆಲಸವನ್ನು ಅಂಕಿಗಳೇ ಹೇಳುತ್ತವೆ. ವಿಸೆಂಟೆ ಡೆಲ್ ಬಾಸ್ಕ್ ತರಬೇತಿಯ ಸ್ಪೇನ್ ಇಡೀ ಟೂರ್ನಿಯಲ್ಲಿ ಹೊಡೆದದ್ದು ಎಂಟೇ ಗೋಲು. ಸೆಮಿಫೈನಲ್ ತಲುಪುವ ಹೊತ್ತಿಗೆ ಬಂದಿದ್ದ ಆರರಲ್ಲಿ ಐದು ವಿಲ್ಲಾ ಅವರವು. ಮೊದಲ ಪಂದ್ಯದಲ್ಲೇ ಸ್ವಿಟ್ಜರ್ಲೆಂಡ್‌ಗೆ ಸೋತು ತಂಡ ತಲ್ಲಣಗೊಂಡಿದ್ದಾಗ ಹೊಂಡುರಾಸ್ ವಿರುದ್ಧ ಎರಡು ಗೋಲು ಹೊಡೆದು ದಾರಿಗೆ ತಂದರು; ಅದೇ ಪಂದ್ಯದಲ್ಲಿ ಒಂದು ಪೆನಾಲ್ಟಿ ಹೊರಗೆ ಹೋದದ್ದೂ ನಿಜ. ಚಿಲಿ ವಿರುದ್ಧ ಗೋಲ್‌ಕೀಪರ್ ಪೆನಾಲ್ಟಿ ಪೆಟ್ಟಿಗೆ ಬಿಟ್ಟು ಧಾವಿಸಿ ಬಂದು ಚೆಂಡನ್ನು ಒದ್ದಾಗ ಅದು ಎಡ ಅಂಚಿನಲ್ಲಿದ್ದ ವಿಲ್ಲಾ ಕಡೆಗೆ ಉರುಳಿತು. ಅಷ್ಟು ದೂರದಿಂದ ಅವರು ತಡಮಾಡದೆ ಎಡಗಾಲಲ್ಲಿ ತೇಲಿಸಿದ ಚೆಂಡು ಖಾಲಿ ಬಲೆ ಸೇರಿತು. ತುಯ್ಯಾದಲ್ಲಿ ಪ್ಲಾಸ್ಟರ್ ಹಾಕಿಕೊಂಡಿದ್ದಾಗ ಕಲಿತ ಕಾಲು ಅದು.

ಪೋರ್ಚುಗಲ್ ವಿರುದ್ಧ 1–0 ಗೆಲುವಿನ ಗೋಲು ಅವರದು. ಕ್ವಾರ್ಟರ್ ಫೈನಲ್‌ನಲ್ಲಿ ಪರಾಗ್ವೆ ಎದುರು 83ನೇ ನಿಮಿಷದವರೆಗೆ ಗೋಲೇ ಬರಲಿಲ್ಲ. ಪೆಡ್ರೊ ಹೊಡೆದದ್ದು ಕಂಬಕ್ಕೆ ಬಡಿದು ಮರಳಿತು. ವಿಲ್ಲಾ ಮತ್ತೆ ಹೊಡೆದರು. ಚೆಂಡು ಒಂದು ಕಂಬಕ್ಕೆ ತಗುಲಿ, ಗೆರೆಯುದ್ದಕ್ಕೂ ಹಾದು, ಇನ್ನೊಂದು ಕಂಬಕ್ಕೂ ತಗುಲಿ ಒಳಗೆ ಹೋಯಿತು. ಆ ಒಂದು ಗೋಲಿನಿಂದ ಸ್ಪೇನ್ ಸೆಮಿಫೈನಲ್‌ಗೇರಿತು. ಮುಂದೆ ಪುಯೋಲ್ ಮತ್ತು ಇನಿಯೆಸ್ಟಾ ಅವರ ಗೋಲುಗಳು ಕಪ್ ತಂದವು. ಥಾಮಸ್ ಮುಲ್ಲರ್, ಸ್ನೈಡರ್, ಫೋರ್ಲಾನ್ ಅವರಂತೆ ವಿಲ್ಲಾ ಗಳಿಸಿದ್ದೂ ಐದೇ ಗೋಲು. ಗೋಲಿಗೆ ನೆರವಾದ ಪಾಸುಗಳ ಲೆಕ್ಕದಲ್ಲಿ ಮುಂದಿದ್ದ ಮುಲ್ಲರ್‌ಗೆ ಚಿನ್ನದ ಬೂಟು, ವಿಲ್ಲಾಗೆ ಬೆಳ್ಳಿಯದು. 2011ರ ಮಾರ್ಚ್‌ನಲ್ಲಿ ಜೆಕ್ ಗಣರಾಜ್ಯದ ವಿರುದ್ಧ ಎರಡು ಗೋಲು ಹೊಡೆದು ರೌಲ್ ದಾಖಲೆಯನ್ನು ದಾಟಿದರು.

ವಿಶ್ವಕಪ್‌ಗೆ ಮುನ್ನವೇ ಬಾರ್ಸಿಲೋನಾ 4 ಕೋಟಿ ಯೂರೊ ತೆತ್ತು ಅವರನ್ನು ಕೊಂಡಿತ್ತು. ಗಾರ್ಡಿಯೋಲಾ ತರಬೇತಿಯ ಆ ತಂಡದಲ್ಲಿ ನಡುವಿನ ಜಾಗ ಮೆಸ್ಸಿಯದು. ವಿಲ್ಲಾ ಎಡ ಅಂಚಿಗೆ ಸರಿದರು. ಗೋಲಿನ ಮುಂದೆ ನಿಂತೇ ಬೆಳೆದ ಸ್ಟ್ರೈಕರ್‌ಗೆ ಇದು ಸಣ್ಣ ತ್ಯಾಗವೇನಲ್ಲ. ಮೆಸ್ಸಿ ಹಿಂದಕ್ಕೆ ಸರಿದು ರಕ್ಷಣಾ ಆಟಗಾರರನ್ನು ಜೊತೆಗೆ ಎಳೆದೊಯ್ದಾಗ, ಅಂಚಿನಿಂದ ಓರೆಯಾಗಿ ಒಳನುಗ್ಗಿ ಆ ಖಾಲಿ ಜಾಗ ಹಿಡಿಯುವುದು ಅವರ ಪಾಲಿನ ಕೆಲಸವಾಯಿತು. 2010ರ ನವೆಂಬರ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧದ 5–0 ಗೆಲುವಿನಲ್ಲಿ ಅವರ ಎರಡು ಗೋಲು ಈ ಬಗೆಯ ಓಟಗಳಿಂದಲೇ ಬಂದವು. 2011ರ ಮೇ ತಿಂಗಳಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಪೆಟ್ಟಿಗೆಯ ಅಂಚಿನಿಂದ ಬಲಗಾಲಲ್ಲಿ ತಿರುಗಿಸಿ ಮೇಲ್ಮೂಲೆಗೆ ಕಳಿಸಿದ ಮೂರನೇ ಗೋಲು ಪಂದ್ಯಕ್ಕೆ ಮುದ್ರೆ ಒತ್ತಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಕ್ಲಬ್ ವಿಶ್ವಕಪ್ ಆಡುವಾಗ ಅವರ ಎಡ ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. ತಿಂಗಳುಗಟ್ಟಲೆ ಆಟವಿಲ್ಲ. ಸ್ಪೇನ್ ಮತ್ತೆ ಗೆದ್ದ 2012ರ ಯುರೋ ಕಪ್ ಕೂಡ ಕೈತಪ್ಪಿತು. 2012ರ ಆಗಸ್ಟ್‌ನಲ್ಲಿ ರಿಯಲ್ ಸೊಸಿಯೆಡಾಡ್ ವಿರುದ್ಧ ಬದಲಿ ಆಟಗಾರರಾಗಿ ಇಳಿದು ಗೋಲು ಹೊಡೆದಾಗ ಬಾರ್ಸಿಲೋನಾದ ಕ್ಯಾಂಪ್ ನೌ ಕ್ರೀಡಾಂಗಣ ಎದ್ದುನಿಂತು ಸ್ವಾಗತಿಸಿತು. ಆದರೂ ಹಳೆಯ ವೇಗ ಪೂರ್ತಿ ಮರಳಲಿಲ್ಲ, ಕಾಯಂ ಸ್ಥಾನವೂ ಉಳಿಯಲಿಲ್ಲ.

2013ರಲ್ಲಿ ಅಲ್ಪ ಮೊತ್ತಕ್ಕೆ ಅಟ್ಲೆಟಿಕೊ ಮ್ಯಾಡ್ರಿಡ್ ಸೇರಿದರು. ಸಿಮಿಯೊನೆ ತರಬೇತಿಯ ಆ ತಂಡದಲ್ಲಿ ಡಿಯೆಗೊ ಕೋಸ್ಟಾಗೆ ಜೊತೆಯಾಗಿ 13 ಲೀಗ್ ಗೋಲು ಗಳಿಸಿದರು. ಅಟ್ಲೆಟಿಕೊ 1996ರ ನಂತರ ಮೊದಲ ಬಾರಿ ಲೀಗ್ ಗೆದ್ದದ್ದು ಆ ಋತುವಿನಲ್ಲಿ. ಕೊನೆಯ ಪಂದ್ಯದಲ್ಲಿ ಬಾರ್ಸಿಲೋನಾ ಜೊತೆ ಅದರ ಅಂಗಳದಲ್ಲೇ 1–1 ಸಮ ಮಾಡಿಕೊಂಡು ಪಟ್ಟ ಏರಿತು.

2014ರ ಬ್ರೆಜಿಲ್ ವಿಶ್ವಕಪ್‌ನಿಂದ ಸ್ಪೇನ್ ಗುಂಪು ಹಂತದಲ್ಲೇ ಹೊರಬಿತ್ತು. ಆಸ್ಟ್ರೇಲಿಯಾ ವಿರುದ್ಧದ ಕೊನೆಯ ಪಂದ್ಯದಲ್ಲಿ ವಿಲ್ಲಾ ಹಿಮ್ಮಡಿಯಲ್ಲಿ ಗೋಲು ಹೊಡೆದರು. ವಿಶ್ವಕಪ್‌ಗಳಲ್ಲಿ ಅದು ಅವರ ಒಂಬತ್ತನೆಯದು. ದ್ವಿತೀಯಾರ್ಧದಲ್ಲಿ ಹೊರಗೆ ಕರೆದಾಗ ಬೆಂಚಿನ ಮೇಲೆ ಕೂತು ಕಣ್ಣೀರಿಟ್ಟರು.

ಅಮೆರಿಕದಲ್ಲಿ ಹೊಸದಾಗಿ ಹುಟ್ಟಿದ ನ್ಯೂಯಾರ್ಕ್ ಸಿಟಿ ಕ್ಲಬ್ ಒಪ್ಪಂದ ಮಾಡಿಕೊಂಡ ಮೊದಲ ಆಟಗಾರ ವಿಲ್ಲಾ. ಅಲ್ಲಿ ಲೀಗ್ ಶುರುವಾಗುವ ಮುನ್ನ ಆಸ್ಟ್ರೇಲಿಯಾದ ಮೆಲ್ಬರ್ನ್ ಸಿಟಿ ಪರ ನಾಲ್ಕು ಪಂದ್ಯ ಆಡಿ ಬಂದರು. ಬೇಸ್‌ಬಾಲ್‌ಗೆಂದು ಕಟ್ಟಿದ ಯಾಂಕೀ ಕ್ರೀಡಾಂಗಣದಲ್ಲಿ ನಾಯಕರಾಗಿ ನಾಲ್ಕು ಋತು ಆಡಿ 80 ಗೋಲು ಕಲೆಹಾಕಿದರು. 2016ರಲ್ಲಿ ಮೇಜರ್ ಲೀಗ್ ಸಾಕರ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದರು. ವಯಸ್ಸಾದ ತಾರೆಯರು ಅಮೆರಿಕಕ್ಕೆ ವಿಶ್ರಾಂತಿಗೆಂದು ಹೋಗುತ್ತಾರೆಂಬ ಮಾತು ಇವರಿಗೆ ಒಪ್ಪುವುದಿಲ್ಲ. ಅಲ್ಲಿನ ಆಟ ನೋಡಿಯೇ 2017ರ ಸೆಪ್ಟೆಂಬರ್‌ನಲ್ಲಿ, 35ನೇ ವಯಸ್ಸಿನಲ್ಲಿ, ಸ್ಪೇನ್ ಮತ್ತೆ ಕರೆಯಿತು. ಇಟಲಿ ವಿರುದ್ಧ ಕೊನೆಯ ನಿಮಿಷಗಳಲ್ಲಿ ಇಳಿದ ಆ ಪಂದ್ಯ ಅವರ 98ನೆಯದು, ಕೊನೆಯದು.

2019ರಲ್ಲಿ ಜಪಾನಿನ ವಿಸೆಲ್ ಕೋಬೆ ತಂಡದಲ್ಲಿ ಇನಿಯೆಸ್ಟಾ ಜೊತೆ ಮತ್ತೆ ಆಡಿದರು. 2020ರ ಜನವರಿ 1ರಂದು ಟೋಕಿಯೊದ ಹೊಸ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಕಾಶಿಮಾ ಆ್ಯಂಟ್ಲರ್ಸ್ ವಿರುದ್ಧ 2–0ರಿಂದ ಗೆದ್ದು ಕೋಬೆ ಚಕ್ರವರ್ತಿ ಕಪ್ ಎತ್ತಿತು. ಆ ಕ್ಲಬ್ಬಿನ ಮೊದಲ ದೊಡ್ಡ ಪ್ರಶಸ್ತಿ ಅದು. ವಿಲ್ಲಾ ಅವರ ವೃತ್ತಿಜೀವನ ಆ ಪಂದ್ಯದೊಂದಿಗೆ ಮುಗಿಯಿತು. ಬಳಿಕ ತಮ್ಮ ಹೆಸರಿನ ಫುಟ್‌ಬಾಲ್ ತರಬೇತಿ ಸಂಸ್ಥೆಯ ಕೆಲಸದಲ್ಲಿ ತೊಡಗಿದರು. 2021ರಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಒಡಿಶಾ ಎಫ್‌ಸಿ ತನ್ನ ಫುಟ್‌ಬಾಲ್ ವ್ಯವಹಾರಗಳ ಮಾರ್ಗದರ್ಶನದ ಹೊಣೆಯನ್ನು ಅವರಿಗೆ ಒಪ್ಪಿಸಿತು.